ಕ್ಯಾನ್ಸರ್ ಕುರಿತ ಮೊಬೈಲ್ ಆರೋಗ್ಯ ಆ್ಯಪ್‌ಗಳು (ಬಾಗಲಕೋಟೆ ಜಿಲ್ಲೆ)

ಕ್ಯಾನ್ಸರ್ ಕುರಿತ ಮೊಬೈಲ್ ಆರೋಗ್ಯ ಆ್ಯಪ್‌ಗಳು ಎಂದರೆ, ತಮಗೆ ಕ್ಯಾನ್ಸರ್ (ಅರ್ಬುದ ರೋಗ) ಬಂದಿರಬಹುದೆಂಬ ಶಂಕೆಯುಳ್ಳವರು, ರೋಗ ದೃಢಪಟ್ಟು ಚಿಕಿತ್ಸೆ ಪಡೆಯುತ್ತಿರುವವರು, ಅವರ ಆರೈಕೆ ಮಾಡುವ ಮನೆಯವರು ಹಾಗೂ ಆರೋಗ್ಯ ಕಾರ್ಯಕರ್ತರು ಸ್ಮಾರ್ಟ್‌ಫೋನಿನಲ್ಲಿ ಬಳಸುವ ಕಿರುತಂತ್ರಾಂಶಗಳು. ಮಾಹಿತಿ ನೀಡುವುದು, ಅಪಾಯದ ಪ್ರಮಾಣವನ್ನು ಅಂದಾಜಿಸುವುದು, ಬಾಯಿ ಅಥವಾ ಚರ್ಮದ ಚಿತ್ರ ತೆಗೆದು ಪರಿಶೀಲಿಸುವುದು, ದೂರದ ವೈದ್ಯರೊಡನೆ ಮಾತನಾಡಿಸುವುದು, ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ದಾಖಲಿಸುವುದು ಮತ್ತು ತಂಬಾಕು ಬಿಡಲು ನೆರವಾಗುವುದು ಇವುಗಳ ಮುಖ್ಯ ಕೆಲಸಗಳು. ಇವುಗಳಲ್ಲಿ ಯಾವುದೂ ಕ್ಯಾನ್ಸರನ್ನು ಖಚಿತಪಡಿಸಲಾರದು. ಗಡ್ಡೆಯ ರೂಪದ ಬಹುತೇಕ ಕ್ಯಾನ್ಸರ್‌ಗಳು ದೃಢಪಡುವುದು ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಬಯಾಪ್ಸಿಯಿಂದ ಮಾತ್ರ. ಈ ಲೇಖನವು ಕರ್ನಾಟಕದ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರದೇಶವನ್ನು ಮುಖ್ಯವಾಗಿ ಗಮನದಲ್ಲಿಟ್ಟು ಇಂತಹ ಆ್ಯಪ್‌ಗಳ ಸ್ವರೂಪ, ಉಪಯೋಗ ಮತ್ತು ಮಿತಿಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯು 1997ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2011ರ ಜನಗಣತಿಯಂತೆ ಇದರ ಜನಸಂಖ್ಯೆ 18.9 ಲಕ್ಷ. ಹುನಗುಂದ ತಾಲೂಕಿನ ಭಾಗವಾಗಿದ್ದ ಇಳಕಲ್ ನಂತರ ಪ್ರತ್ಯೇಕ ತಾಲೂಕಾಯಿತು. ಕೈಮಗ್ಗದ ಸೀರೆ ಮತ್ತು ಕೆಂಪು ಗ್ರಾನೈಟ್ ಶಿಲೆಗೆ ಇಳಕಲ್ ಹೆಸರಾಗಿದೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದಕ್ಕೆ ಹೊಂದಿಕೊಂಡ ಎಚ್‌ಎಸ್‌ಕೆ ಆಸ್ಪತ್ರೆ ಮತ್ತು ಪಿ.ಎಂ. ನಾಡಗೌಡ ಸ್ಮಾರಕ ದಂತ ವೈದ್ಯಕೀಯ ಕಾಲೇಜುಗಳಿವೆ. ಬಾಯಿಯ ಕ್ಯಾನ್ಸರ್ ಶಂಕೆಯುಳ್ಳವರಿಗೆ ದಂತ ಕಾಲೇಜು ಕೂಡ ಸರಿಯಾದ ಮೊದಲ ಬಾಗಿಲು ಎಂಬುದು ಹಲವರಿಗೆ ತಿಳಿದಿರುವುದಿಲ್ಲ.

ಕ್ಯಾನ್ಸರಿಗೆಂದೇ ಮೀಸಲಾದ ಹಳೆಯ ಆಸ್ಪತ್ರೆಗಳು ಜಿಲ್ಲೆಯ ಹೊರಗಿವೆ. ಹುಬ್ಬಳ್ಳಿಯ ನವನಗರದಲ್ಲಿ (ಬಾಗಲಕೋಟೆಯ ನವನಗರವಲ್ಲ) ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಅದರ ಒಂದು ಕೇಂದ್ರ ಕಲಬುರಗಿಯಲ್ಲಿದೆ. ಗಡಿಯಾಚೆ ಮಹಾರಾಷ್ಟ್ರದ ಮಿರಜ ಮತ್ತು ಬಾರ್ಶಿಗಳಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಗಳಿವೆ. ಬಾರ್ಶಿಯ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾಗಿದ್ದು, ಭಾರತದ ಹಳ್ಳಿಗಳ ಕ್ಯಾನ್ಸರ್ ಕುರಿತ ತಿಳಿವಳಿಕೆಗೆ ಮುಖ್ಯ ಆಧಾರಗಳಲ್ಲೊಂದು. ಹುಬ್ಬಳ್ಳಿ, ಸೊಲ್ಲಾಪುರಗಳ ನಡುವಿನ ರೈಲು ಮಾರ್ಗ ಬಾದಾಮಿ ಮತ್ತು ಬಾಗಲಕೋಟೆಗಳ ಮೂಲಕ ಹಾದುಹೋಗುತ್ತದೆ. ಹುನಗುಂದ, ಇಳಕಲ್ಲುಗಳ ರೋಗಿಗೆ ರಸ್ತೆ ಪ್ರಯಾಣವೇ ಗತಿ. ಮಗ್ಗದ ಮೇಲೆ ದುಡಿಯುವವರಿಗೂ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುವವರಿಗೂ ಇಂತಹ ಒಂದು ಭೇಟಿ ಎಂದರೆ ರೋಗಿಯ ಜೊತೆಗೆ ಹೋಗುವವರದೂ ಸೇರಿ ಎರಡು ದಿನಗಳ ದುಡಿಮೆಯ ನಷ್ಟ. ಫೋನಿನ ಮೂಲಕ ದೊರೆಯುವ ಉತ್ತರದ ಆಕರ್ಷಣೆಯನ್ನು ಈ ಲೆಕ್ಕದಲ್ಲಿಟ್ಟೇ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಅಂತರರಾಷ್ಟ್ರೀಯ ಗ್ಲೋಬೊಕಾನ್ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 14.1 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು ಕಂಡುಬಂದು, ಸುಮಾರು 9.2 ಲಕ್ಷ ಮಂದಿ ಸಾವಿಗೀಡಾದರು. ಸಾವಿನ ಈ ಪ್ರಮಾಣಕ್ಕೆ ರೋಗವು ತಡವಾಗಿ ಪತ್ತೆಯಾಗುವುದು ಮುಖ್ಯ ಕಾರಣಗಳಲ್ಲೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಒಳಗಾದವರು ಶೇ. 1.9 ಮಾತ್ರ, ಸ್ತನ ಮತ್ತು ಬಾಯಿಯ ತಪಾಸಣೆಯಲ್ಲಿ ಈ ಪ್ರಮಾಣ ಶೇ. 1ಕ್ಕಿಂತಲೂ ಕಡಿಮೆ.

ಬಾಯಿಯ ಕ್ಯಾನ್ಸರ್ ಮತ್ತು ಫೋನಿನ ಕ್ಯಾಮೆರಾ

ಈ ಭಾಗಕ್ಕೆ ಹೆಚ್ಚು ಸಂಬಂಧಿಸಿದ್ದು ಬಾಯಿಯ ಕ್ಯಾನ್ಸರ್. ಎಲೆ, ಅಡಿಕೆ, ಸುಣ್ಣ, ತಂಬಾಕುಗಳ ಅಗಿತ ಉತ್ತರ ಕರ್ನಾಟಕದ ಊರುಗಳಲ್ಲಿ ಹಳೆಯದು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ಮಾರಾಟವನ್ನು ನಿಷೇಧಿಸಿತು. ಆದರೆ ಪಾನ್ ಮಸಾಲಾ ಮತ್ತು ತಂಬಾಕನ್ನು ಎರಡು ಬೇರೆ ಚೀಟುಗಳಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದರಿಂದ ನಿಷೇಧದ ಫಲ ತೀರಾ ಅರೆಬರೆಯಾಗಿದೆ. ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರ ಶೇ. 28.2ರಿಂದ 2016-17ಕ್ಕೆ ಶೇ. 22.8ಕ್ಕೆ ಇಳಿಯಿತು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪರಿಗಣಿಸಿದೆ.

ಬಾಯಿಯ ಕ್ಯಾನ್ಸರಿಗೆ ಮುನ್ನ ಅನೇಕರಲ್ಲಿ ಕಣ್ಣಿಗೆ ಕಾಣುವ ಗುರುತುಗಳು ಮೂಡುತ್ತವೆ: ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚು ಅಪಾಯಕಾರಿಯಾದ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮತ್ತು ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದಿರುವುದು. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ಇಡಲಾಗದಿದ್ದರೆ ವೈದ್ಯರಿಗೆ ತೋರಿಸಬೇಕೆಂಬುದು ಪ್ರಚಲಿತ ಸೂಚನೆ. ಹೀಗೆ ಕಣ್ಣಿಗೆ ಕಾಣುವುದರಿಂದಲೇ ಇದನ್ನು ಫೋನಿನ ಕ್ಯಾಮೆರಾದಿಂದ ಪತ್ತೆಹಚ್ಚುವ ಯೋಚನೆ ಹುಟ್ಟಿತು.

ಈ ದಿಸೆಯ ಆರಂಭದ ಕೆಲಸಗಳಲ್ಲಿ ಕೆಲವು ಕರ್ನಾಟಕದಲ್ಲಿಯೇ ನಡೆದವು. ಬೆಂಗಳೂರಿನ ಕೆಎಲ್‌ಇ ಸಂಸ್ಥೆಯ ದಂತ ವಿಜ್ಞಾನ ಸಂಸ್ಥೆಯ ತಜ್ಞರು ಬಯೋಕಾನ್ ಫೌಂಡೇಶನ್ ಮೊದಲಾದವರ ಸಹಯೋಗದಲ್ಲಿ ಮೊಬೈಲ್ ಆಧಾರಿತ ಬಾಯಿ ಕ್ಯಾನ್ಸರ್ ತಪಾಸಣೆಯನ್ನು ನಡೆಸಿದರು. ಅದರ ಫಲಿತಾಂಶಗಳು 2015ರಲ್ಲಿ ಅಮೆರಿಕದ ದಂತವೈದ್ಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದವು. ಇದರಲ್ಲಿ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯ ಚಿತ್ರ ತೆಗೆದು, ಪ್ರಶ್ನಾವಳಿಯ ಉತ್ತರಗಳೊಂದಿಗೆ ಕಳುಹಿಸುತ್ತಾರೆ. ದೂರದಲ್ಲಿರುವ ಬಾಯಿರೋಗ ತಜ್ಞರು ಅದನ್ನು ನೋಡಿ ಮುಂದಿನ ಕ್ರಮ ತಿಳಿಸುತ್ತಾರೆ. ಮುಂದೆ ಇದೇ ದಂತ ಸಂಸ್ಥೆಯ ತಜ್ಞರು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರೊಡನೆ ಸೇರಿ ಸ್ಮಾರ್ಟ್‌ಫೋನಿಗೆ ಜೋಡಿಸುವ ಒಂದು ಶೋಧಕವನ್ನು ಪರೀಕ್ಷಿಸಿದರು. ಅದು ಸಾಮಾನ್ಯ ಬೆಳಕಿನ ಚಿತ್ರದೊಂದಿಗೆ, ಅಂಗಾಂಶವು ತಾನೇ ಹೊಮ್ಮಿಸುವ ಮಂದ ಪ್ರಭೆಯ ಚಿತ್ರವನ್ನೂ ತೆಗೆದು ಕೃತಕ ಬುದ್ಧಿಮತ್ತೆಯಿಂದ ವಿಂಗಡಿಸುತ್ತದೆ. ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ಇವೆರಡರಲ್ಲಿಯೂ ಕ್ಯಾಮೆರಾ ಹಿಡಿದವರು ತರಬೇತಿ ಪಡೆದವರು ಎಂಬುದನ್ನು ಮರೆಯಬಾರದು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ತಾನೇ ತೆಗೆದುಕೊಂಡ ಚಿತ್ರದ ಸಂಗತಿಯೇ ಬೇರೆ. ನಾಲಿಗೆಯ ಬುಡ, ನಾಲಿಗೆಯ ಕೆಳಭಾಗ, ಕೊನೆಯ ದವಡೆ ಹಲ್ಲಿನ ಹಿಂಬದಿ ಸುಲಭವಾಗಿ ಕಾಣಿಸವು. ಬಾಯಿ ತೆರೆಯಲು ಆಗದವರಲ್ಲಂತೂ ಕಾಣುವುದೇ ಇಲ್ಲ. ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನಾಗಿಯೇ ತಿದ್ದುವುದರಿಂದ ಕೆಂಪು ಮಚ್ಚೆ ಸಹಜ ಬಣ್ಣದಂತೆಯೂ, ಫ್ಲ್ಯಾಶಿನ ಹೊಳಪು ಬಿಳಿ ಮಚ್ಚೆಯಂತೆಯೂ ಕಾಣಬಹುದು. ಎಲೆ ಅಡಿಕೆಯ ಕರೆ ಹಿಡಿದ ಬಾಯಿಯಲ್ಲಿ ತೊಂದರೆ ಇನ್ನೂ ಹೆಚ್ಚು. ಬೆರಳಿನಿಂದ ಮುಟ್ಟಿ ಗಟ್ಟಿತನವನ್ನು ನೋಡುವ, ಕುತ್ತಿಗೆಯ ಗಂಟುಗಳನ್ನು ಒತ್ತಿ ನೋಡುವ ವೈದ್ಯರ ಕೆಲಸವನ್ನು ಯಾವ ಚಿತ್ರವೂ ಮಾಡಲಾರದು.

ಚರ್ಮದ ಕ್ಯಾನ್ಸರ್ ಆ್ಯಪ್‌ಗಳ ಅನುಭವ

ಮಚ್ಚೆಯ ಚಿತ್ರ ತೆಗೆದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದೆಯೇ ಎಂದು ಹೇಳುವ ಆ್ಯಪ್‌ಗಳು ಪಶ್ಚಿಮದ ದೇಶಗಳಲ್ಲಿ ಬಹುಬೇಗ ಜನಪ್ರಿಯವಾದವು. 2013ರಲ್ಲಿ ಅಮೆರಿಕದ ಸಂಶೋಧಕರು ಇಂತಹ ನಾಲ್ಕು ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಮೂರು ಆ್ಯಪ್‌ಗಳು ಮೆಲನೋಮಾಗಳಲ್ಲಿ ಶೇ. 30 ಅಥವಾ ಅದಕ್ಕೂ ಹೆಚ್ಚಿನವನ್ನು ಚಿಂತಿಸಬೇಕಾಗಿಲ್ಲದ ಮಚ್ಚೆಗಳೆಂದು ತೋರಿಸಿದವು. 2015ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಮೆಲ್ಆ್ಯಪ್' ಮತ್ತು 'ಮೋಲ್ ಡಿಟೆಕ್ಟಿವ್' ಎಂಬ ಆ್ಯಪ್‌ಗಳ ಮಾರಾಟಗಾರರ ವಿರುದ್ಧ, ಆಧಾರವಿಲ್ಲದೆ ಮೆಲನೋಮಾ ಪತ್ತೆಯ ಭರವಸೆ ನೀಡಿದ್ದಕ್ಕಾಗಿ ಕ್ರಮ ಕೈಗೊಂಡಿತು. 2020ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಸಮಗ್ರ ಪರಾಮರ್ಶೆಯೂ ಇಂತಹ ಆ್ಯಪ್‌ಗಳನ್ನು ನಂಬಿ ಕೂರಲಾಗದು ಎಂಬ ನಿಲುವಿಗೆ ಬಂದಿತು.

ಭಾರತದಲ್ಲಿ ಮೆಲನೋಮಾ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡದಂತಹ ಜಾಗಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಬಿಳಿಯ ಚರ್ಮದ ಚಿತ್ರಗಳಿಂದ ಕಲಿತ ತಂತ್ರಾಂಶವನ್ನು ಬರಿಗಾಲಲ್ಲಿ ನಡೆಯುವ ರೈತನ ಅಂಗಾಲಿಗೆ ಹಿಡಿಯುವುದರಲ್ಲಿ ಅರ್ಥವಿಲ್ಲ.

ಸುಳ್ಳು ನೆಮ್ಮದಿ ಮತ್ತು ಸುಳ್ಳು ಭೀತಿ

ತಪಾಸಣೆಯ ಸಾಧನವೊಂದರ ಗುಣವನ್ನು ಎರಡು ಅಳತೆಗಳಿಂದ ಹೇಳಲಾಗುತ್ತದೆ. ರೋಗವಿದ್ದವರಲ್ಲಿ ಎಷ್ಟು ಜನರನ್ನು ಅದು ಸರಿಯಾಗಿ ಹಿಡಿಯುತ್ತದೆ ಎಂಬುದು ಒಂದು. ರೋಗವಿಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಡುತ್ತದೆ ಎಂಬುದು ಇನ್ನೊಂದು. ಎರಡರಲ್ಲಿಯೂ ಶೇ. 90ರಷ್ಟು ನಿಖರ ಎಂದು ಜಾಹೀರಾತು ಕಂಡರೆ ಯಾರಿಗಾದರೂ ಭರವಸೆ ಮೂಡುವುದು ಸಹಜ. ಉದಾಹರಣೆಗೆಂದು 10,000 ಜನರ ಒಂದು ಪ್ರದೇಶವನ್ನೂ, ಅವರಲ್ಲಿ 20 ಮಂದಿಗೆ ನಿಜವಾಗಿ ರೋಗವಿದೆಯೆಂದೂ ಕಲ್ಪಿಸಿಕೊಳ್ಳೋಣ. ಈ ಆ್ಯಪ್ 20ರಲ್ಲಿ 18 ಜನರನ್ನು ಹಿಡಿಯುತ್ತದೆ, ಇಬ್ಬರನ್ನು ಬಿಟ್ಟುಬಿಡುತ್ತದೆ. ಉಳಿದ 9,980 ಆರೋಗ್ಯವಂತರಲ್ಲಿ ಶೇ. 10, ಅಂದರೆ 998 ಜನರಿಗೆ ರೋಗದ ಶಂಕೆಯಿದೆ ಎಂದು ಹೇಳುತ್ತದೆ. ಹೀಗೆ ಕೆಂಪು ಎಚ್ಚರಿಕೆ ಕಂಡ 1,016 ಜನರಲ್ಲಿ ರೋಗವಿರುವವರು 18 ಮಾತ್ರ, ಎಂದರೆ ನೂರಕ್ಕೆ ಇಬ್ಬರಿಗಿಂತ ಕಡಿಮೆ.

ಈ 998 ಮಂದಿಯ ನಿದ್ದೆಗೆಟ್ಟ ರಾತ್ರಿಗಳೂ ಪ್ರಯಾಣದ ಖರ್ಚೂ ಸಣ್ಣವಲ್ಲ. ಆದರೆ ಹೆಚ್ಚು ಗಂಭೀರವಾದುದು ಆ ಇಬ್ಬರ ಸ್ಥಿತಿ. ಹುಣ್ಣು ಮಾಯುತ್ತಿಲ್ಲವೆಂದು ಆಸ್ಪತ್ರೆಗೆ ಹೊರಡಬೇಕೆಂದುಕೊಂಡಿದ್ದವರು ಹಸಿರು ಗುರುತು ಕಂಡು ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡುತ್ತಾರೆ. ಬಾಯಿಯ ಕ್ಯಾನ್ಸರಿನಲ್ಲಿ ಇಂತಹ ಕೆಲವು ತಿಂಗಳುಗಳು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾದುದನ್ನು ದವಡೆಯನ್ನೇ ತೆಗೆಯುವ ಹಂತಕ್ಕೆ ಒಯ್ಯಬಲ್ಲವು. ಲಕ್ಷಣವಿರುವವರಿಗೆ ಆ್ಯಪಿನ ಉತ್ತರ ಏನೇ ಇರಲಿ, ವೈದ್ಯರ ಪರೀಕ್ಷೆಯೇ ಸರಿಯಾದ ದಾರಿ. ಎರಡು ವಾರ ಮೀರಿದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಸಂಭೋಗದ ನಂತರದ ರಕ್ತಸ್ರಾವ, ನುಂಗಲು ತೊಡಕು, ಬದಲಾದ ದನಿ, ಕಫದಲ್ಲಿ ಅಥವಾ ಮಲದಲ್ಲಿ ರಕ್ತ ಇವು ಅಂತಹ ಲಕ್ಷಣಗಳು. ಇವುಗಳಲ್ಲಿ ಬಹುಪಾಲು ಬೇರೆ ಕಾರಣಗಳಿಂದಲೂ ಬರುತ್ತವೆ ಎಂಬುದು ಅಷ್ಟೇ ನಿಜ.

ಅಪಾಯ ಅಂದಾಜಿಸುವ ಆ್ಯಪ್‌ಗಳ ತೊಂದರೆ ಬೇರೆ ಬಗೆಯದು. ಸ್ತನ ಕ್ಯಾನ್ಸರ್ ಅಪಾಯವನ್ನು ಲೆಕ್ಕಹಾಕಲು ವ್ಯಾಪಕವಾಗಿ ಬಳಸುವ ಗೇಲ್ ಮಾದರಿಯನ್ನು 1989ರಲ್ಲಿ ಅಮೆರಿಕದ ಬಿಳಿಯ ಮಹಿಳೆಯರ ಮಾಹಿತಿಯಿಂದ ರೂಪಿಸಲಾಯಿತು. ಭಾರತದ ಮಹಿಳೆಯರಲ್ಲಿ ಈ ರೋಗ ಸರಾಸರಿಯಾಗಿ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲಸದಿಂದ ಬರುವ ಅಪಾಯವನ್ನೂ ಹಲವು ಆ್ಯಪ್‌ಗಳು ಕೇಳುವುದಿಲ್ಲ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ವರ್ಗೀಕರಿಸಿದೆ. ಇಳಕಲ್ಲಿನ ಗ್ರಾನೈಟ್ ಕಾರ್ಮಿಕನಿಗೆ ಇದು ಕುಟುಂಬದ ಇತಿಹಾಸದಷ್ಟೇ ಮುಖ್ಯವಾದ ಪ್ರಶ್ನೆ.

ಆಶಾ ಕಾರ್ಯಕರ್ತೆಯರ ಕೈಯಲ್ಲಿನ ಫೋನ್

ಅಂಗಡಿಯಲ್ಲಿ ಸಿಗುವ ಆ್ಯಪ್‌ಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು ಪರಿಣಾಮ ಬೀರಬಲ್ಲದ್ದು ಸರ್ಕಾರದ ತಪಾಸಣಾ ವ್ಯವಸ್ಥೆಯ ಭಾಗವಾಗಿರುವ ತಂತ್ರಾಂಶ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂದು 2016ರ ಮಾರ್ಗಸೂಚಿ ಹೇಳುತ್ತದೆ. ಗರ್ಭಕಂಠವನ್ನು ಅಸಿಟಿಕ್ ಆಮ್ಲ ಲೇಪಿಸಿ ಬರಿಗಣ್ಣಿನಿಂದ ನೋಡಲಾಗುತ್ತದೆ. ಸ್ತನವನ್ನು ತರಬೇತಿ ಪಡೆದವರು ಕೈಯಿಂದ ಪರೀಕ್ಷಿಸುತ್ತಾರೆ.

ಇದಕ್ಕೂ ಮುನ್ನ ಆಶಾ ಕಾರ್ಯಕರ್ತೆಯು ಮನೆಮನೆಗೆ ಹೋಗಿ 'ಸಿಬ್ಯಾಕ್' ಎಂದು ಕರೆಯಲಾಗುವ ಪ್ರಶ್ನಾವಳಿಯನ್ನು ತುಂಬುತ್ತಾಳೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ ಮತ್ತು ಕುಟುಂಬದ ಇತಿಹಾಸಕ್ಕೆ ಅಂಕಗಳಿವೆ; ಮೊತ್ತ 4ನ್ನು ಮೀರಿದರೆ ಆ ವ್ಯಕ್ತಿಯನ್ನು ಮೊದಲ ಆದ್ಯತೆಯಲ್ಲಿ ತಪಾಸಣೆಗೆ ಕಳುಹಿಸಬೇಕು. ಲಕ್ಷಣಗಳ ಪಟ್ಟಿ ಪ್ರತ್ಯೇಕವಾಗಿದ್ದು, ಅದರಲ್ಲಿ ಒಂದಕ್ಕೆ ಹೌದು ಎಂದರೂ ಅಂಕ ನೋಡದೆ ಕಳುಹಿಸಬೇಕಾಗುತ್ತದೆ. ಹೊಗೆ, ಧೂಳಿನ ಕೆಲಸದ ಪ್ರಶ್ನೆಯೂ ಇದರಲ್ಲಿದೆ, ಆದರೆ ಅದು ದೀರ್ಘಕಾಲೀನ ಶ್ವಾಸಕೋಶ ಕಾಯಿಲೆಯನ್ನು ಉದ್ದೇಶಿಸಿದ್ದು. ಮಾಹಿತಿಯು ರಾಷ್ಟ್ರೀಯ ಪೋರ್ಟಲಿಗೆ ಸೇರಿ, ಮುಂದಿನ ಭೇಟಿಗಳನ್ನು ನೆನಪಿಸುತ್ತದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯದ 'ಗೃಹ ಆರೋಗ್ಯ' ಯೋಜನೆಯೂ ಮನೆಬಾಗಿಲ ತಪಾಸಣೆಯನ್ನೇ ಆಧರಿಸಿದೆ.

ಈ ವ್ಯವಸ್ಥೆಯ ಭಾರ ಬೀಳುವುದು ಕಾರ್ಯಕರ್ತೆಯರ ಮೇಲೆ. ಕಾಗದದಲ್ಲಿ ಒಮ್ಮೆ, ಫೋನಿನಲ್ಲಿ ಇನ್ನೊಮ್ಮೆ ಬರೆಯುವ ಕೆಲಸ, ಸಿಗ್ನಲ್ ಇಲ್ಲದ ಓಣಿ, ತಡವಾಗುವ ಪ್ರೋತ್ಸಾಹಧನ ಇವು ಅವರ ಸಾಮಾನ್ಯ ದೂರುಗಳು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆಶಾ ಕಾರ್ಯಕರ್ತೆಯರು ನಡೆಸಿದ ಧರಣಿಯಲ್ಲಿ ಪ್ರೋತ್ಸಾಹಧನವನ್ನು ಪೋರ್ಟಲಿಗೆ ಜೋಡಿಸಿರುವುದರ ವಿರುದ್ಧದ ಬೇಡಿಕೆಯೂ ಇತ್ತು.

ದೂರ ಸಮಾಲೋಚನೆಗೆ 2019ರಲ್ಲಿ ಆರಂಭವಾದ ಇ-ಸಂಜೀವಿನಿ ಸೇವೆ ಇದೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಯ ವೈದ್ಯರನ್ನು ಸಂಪರ್ಕಿಸುತ್ತಾರೆ. ಮನೆಯಿಂದಲೇ ಬಳಸುವ ವಿಧಾನವೂ ಇದೆ. ರೋಗ ಪತ್ತೆಗಿಂತಲೂ, ಯಾವ ಆಸ್ಪತ್ರೆಗೆ, ಯಾವ ಕಾಗದಗಳೊಂದಿಗೆ ಹೋಗಬೇಕೆಂದು ತಿಳಿಯಲು ಇದು ಹೆಚ್ಚು ನೆರವಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ದೊರೆಯುವುದರಿಂದ, ಹುಬ್ಬಳ್ಳಿಗೆ ಹೊರಡುವ ಮುನ್ನ ಶಿಫಾರಸು ಪತ್ರದ ಅಗತ್ಯವನ್ನು ವಿಚಾರಿಸಿಕೊಳ್ಳುವುದು ಒಂದು ಪ್ರಯಾಣವನ್ನೇ ಉಳಿಸಬಹುದು.

ಚಿಕಿತ್ಸೆಯ ಅವಧಿಯಲ್ಲಿ

ಆ್ಯಪ್‌ಗಳ ಉಪಯುಕ್ತತೆಗೆ ಗಟ್ಟಿಯಾದ ಆಧಾರವಿರುವುದು ರೋಗ ಪತ್ತೆಯಲ್ಲಲ್ಲ, ಚಿಕಿತ್ಸೆಯ ನಿಗಾವಣೆಯಲ್ಲಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ 766 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗುಂಪಿನವರು ತಮ್ಮ ಲಕ್ಷಣಗಳನ್ನು ಅಂತರ್ಜಾಲದ ಮೂಲಕ ನಿಯಮಿತವಾಗಿ ತಿಳಿಸುತ್ತಿದ್ದರು. ತೊಂದರೆ ಹೆಚ್ಚಾದಾಗ ದಾದಿಯರಿಗೆ ಸೂಚನೆ ಹೋಗುತ್ತಿತ್ತು. ಈ ಗುಂಪಿನ ಮಧ್ಯಕ ಬದುಕುಳಿವು 31.2 ತಿಂಗಳು, ಸಾಮಾನ್ಯ ಆರೈಕೆಯ ಗುಂಪಿನದು 26 ತಿಂಗಳು. ಹೊಸ ಔಷಧವೊಂದಕ್ಕೆ ಹೋಲಿಸಬಹುದಾದ ಈ ವ್ಯತ್ಯಾಸಕ್ಕೆ ಕಾರಣ ತಂತ್ರಾಂಶದ ಚಾತುರ್ಯವಲ್ಲ. ಸಂದೇಶ ಹೋದ ಕಡೆ ಅದನ್ನು ಓದಿ ಮರಳಿ ಕರೆ ಮಾಡುವ ದಾದಿಯಿದ್ದಳು.

ಕೀಮೋಥೆರಪಿ ಪಡೆಯುವವರಲ್ಲಿ ಬಿಳಿ ರಕ್ತಕಣಗಳು ಕುಸಿದಾಗ ಬರುವ ಜ್ವರ ತುರ್ತು ಸ್ಥಿತಿ. 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಮುಟ್ಟಿದರೆ, ಮಾತ್ರೆ ನುಂಗಿ ಬೆಳಗಿನ ಬಸ್ಸಿಗೆ ಕಾಯದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಕೀಮೋಥೆರಪಿಯ ವಿಷಯ ತಿಳಿಸಬೇಕು. ಉಷ್ಣತೆ, ವಾಂತಿ, ತೂಕ, ಮಾತ್ರೆಯ ವೇಳೆಗಳನ್ನು ಬರೆದಿಡಲು ಯಾವ ಸರಳ ಆ್ಯಪ್ ಆದರೂ ಸಾಕು. ವರದಿಗಳ ಚಿತ್ರಗಳನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಊರಿಂದೂರಿಗೆ ಅಲೆಯುವ ರೋಗಿಗೆ ನಿಜಕ್ಕೂ ಅನುಕೂಲ. 2021ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 'ಆಭಾ' ಸಂಖ್ಯೆಯ ಉದ್ದೇಶವೂ ದಾಖಲೆಗಳನ್ನು ಒಂದೆಡೆ ಜೋಡಿಸುವುದೇ ಆಗಿದೆ.

ಭಾಷೆ ಮತ್ತು ಫೋನಿನ ಒಡೆತನ

ಕನ್ನಡವನ್ನು ಒದಗಿಸುವ ಆ್ಯಪ್‌ಗಳಲ್ಲಿಯೂ ಅನುವಾದದ ಕನ್ನಡವೇ ಹೆಚ್ಚು. 'ಸ್ತನ ಅರ್ಬುದ', 'ಅಸಹಜ ಯೋನಿಸ್ರಾವ' ಎಂಬ ಮಾತುಗಳು ಎದೆಯಲ್ಲಿ ಗಂಟಾಗಿದೆ, ಬಿಳಿ ಹೋಗುತ್ತದೆ, ಹೊರಗಾಗುವುದು ನಿಂತ ಮೇಲೂ ರಕ್ತ ಕಂಡಿತು ಎಂದು ಹೇಳುವವರನ್ನು ತಲಪುವುದಿಲ್ಲ. 2017ರಿಂದ ಗೂಗಲ್‌ನ ಧ್ವನಿ ಬರಹ ಕನ್ನಡದಲ್ಲಿ ಲಭ್ಯವಿರುವುದು ಓದು ಬಾರದವರಿಗೆ ಸ್ವಲ್ಪ ದಾರಿ ಮಾಡಿದೆ. ಆದರೆ ಇಂತಹ ಮಾತುಗಳನ್ನು ಮನೆಮಂದಿಯ ನಡುವೆ ಗಟ್ಟಿಯಾಗಿ ಹೇಳುವುದಾದರೂ ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಮೇಲೆ ಹೇಳಿದ 2019-21ರ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಫೋನ್ ಇದೆ ಎಂದ ಭಾರತೀಯ ಮಹಿಳೆಯರು ಶೇ. 54 ಮಾತ್ರ. ಫೋನು ಗಂಡನದೋ ಮಗನದೋ ಆಗಿರುವಾಗ ಗರ್ಭಕಂಠ ತಪಾಸಣೆಯ ನೆನಪಿನ ಸಂದೇಶವನ್ನು ಮೊದಲು ಓದುವವರು ಅವರೇ.

ಗೋಪ್ಯತೆ ಮತ್ತು ಕಾನೂನು

ಭಾರತದಲ್ಲಿ 2020ರ ಏಪ್ರಿಲ್ 1ರಿಂದ, ರೋಗ ಪತ್ತೆ ಅಥವಾ ಚಿಕಿತ್ಸೆಗೆ ಉದ್ದೇಶಿಸಿದ ತಂತ್ರಾಂಶವನ್ನೂ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ತರಲಾಗಿದೆ. ಬರೀ ಮಾಹಿತಿಗಾಗಿ ಎಂದು ಸಣ್ಣ ಅಕ್ಷರಗಳಲ್ಲಿ ಬರೆದು, ದೊಡ್ಡ ಅಕ್ಷರಗಳಲ್ಲಿ ಪತ್ತೆಯ ಭರವಸೆ ನೀಡುವ ಆ್ಯಪ್‌ಗಳು ಇದರಿಂದ ನುಣುಚಿಕೊಳ್ಳಲು ಯತ್ನಿಸುತ್ತವೆ. ಕ್ಯಾನ್ಸರ್ ವಾಸಿ ಮಾಡುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸುತ್ತದೆ; ಜಾಹೀರಾತು ಗೋಡೆಯ ಮೇಲಿದ್ದರೂ ಫೋನಿನ ಪರದೆಯ ಮೇಲಿದ್ದರೂ ಇದು ಅನ್ವಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಪಡೆಯುವ ಮುನ್ನ ಒಪ್ಪಿಗೆ ಕೇಳಬೇಕೆಂದೂ, ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಬಳಕೆದಾರರಿಗಿದೆಯೆಂದೂ ಹೇಳುತ್ತದೆ. ಸಂಪರ್ಕ ಸಂಖ್ಯೆಗಳ ಪಟ್ಟಿಯನ್ನು ಕೇಳುವ ಬಾಯಿ ತಪಾಸಣೆಯ ಆ್ಯಪನ್ನು ತೆಗೆದುಹಾಕುವುದೇ ಲೇಸು. ಬಾಯಿಗೂ ಆ ಪಟ್ಟಿಗೂ ಸಂಬಂಧವಿಲ್ಲ.

ತಂಬಾಕು ಬಿಡಲು ನೆರವು

ಕ್ಯಾನ್ಸರಿನ ಭಯವಿರುವ ತಂಬಾಕು ಬಳಕೆದಾರನಿಗೆ ಫೋನಿನಿಂದ ಆಗಬಹುದಾದ ದೊಡ್ಡ ಉಪಯೋಗ ಇದೇ ಇರಬಹುದು, ಮತ್ತು ಇದಕ್ಕೆ ಸ್ಮಾರ್ಟ್‌ಫೋನ್ ಬೇಕಾಗಿಲ್ಲ. 2016ರಲ್ಲಿ ಆರಂಭವಾದ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356. ಇದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. 2018ರ ಸೆಪ್ಟೆಂಬರಿನಿಂದ ಈ ಸಂಖ್ಯೆಯನ್ನು ತಂಬಾಕಿನ ಪೊಟ್ಟಣಗಳ ಮೇಲೆಯೇ ಮುದ್ರಿಸಲಾಗುತ್ತಿದೆ. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಸಂದೇಶಗಳ ಮೂಲಕ ನೆರವು ನೀಡುವ ಕಾರ್ಯಕ್ರಮವೂ 2016ರದೇ. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಿಭಾಗವು 2022ರಲ್ಲಿ ತಂಬಾಕು ತ್ಯಜನದ ಆ್ಯಪ್ ಒಂದನ್ನು ಹೊರತಂದಿತು; ಬಾಯಿಗೆ ಹಾಕಿಕೊಳ್ಳಬೇಕೆನಿಸುವ ಹೊತ್ತು, ಜೊತೆಗಿದ್ದವರು, ಉಳಿದ ಹಣ ಇವನ್ನು ಬಳಕೆದಾರನೇ ಅದರಲ್ಲಿ ದಾಖಲಿಸಬಹುದು. ಹೊಗೆರಹಿತ ತಂಬಾಕನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಿಗರೇಟನ್ನಷ್ಟೇ ಎಣಿಸುವ ಪಶ್ಚಿಮದ ಆ್ಯಪ್‌ಗಳಿಂದ ಚೀಟು ಅಗಿಯುವವರಿಗೆ ಪ್ರಯೋಜನ ಅಷ್ಟಿಲ್ಲ.